ಹೊಸ್ತಿಲು ದಾಟಿದವರ ಲೆಕ್ಕ

ಗೋಪಿಕಾ ಮೊದಲು ಬೆಳಗಿನ ಚಹಾ ಬಿಟ್ಟಳು. ಆಮೇಲೆ ನೀರನ್ನೂ ಬಿಟ್ಟಳು.

ತೊಂಬತ್ತೆಂಟರ ಬೇಸಿಗೆ. ಏಪ್ರಿಲ್ ಇನ್ನೂ ಅರ್ಧ ಮುಗಿದಿರಲಿಲ್ಲ. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸಿನ ಕಿಟಕಿಯ ಸರಳು ಬೆಳಗಿನ ಹೊತ್ತಿಗೇ ಮುಟ್ಟಲಾಗದಷ್ಟು ಕಾಯುತ್ತಿತ್ತು. ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಒಂದು ದಿನ ಪಕ್ಕದಲ್ಲಿ ಕುಳಿತ ತಡವಳ ಊರಿನ ಹೆಂಗಸು ತನ್ನ ನೀರಿನ ಬಾಟಲಿಯನ್ನು ಮುಂದೆ ಹಿಡಿದಳು. ಗೋಪಿಕಾ ಬೇಡವೆಂದಳು. ಉಪವಾಸವೇ ಎಂದು ಆಕೆ ಕೇಳಿದಳು. ಗೋಪಿಕಾ ಹೌದೆಂದು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಅವಳ ಗಂಡ ಅಮೃತಪ್ಪ ಎಣ್ಣೆ ಗಿರಣಿಯೊಂದರಲ್ಲಿ ಕಾರಕೂನನಾಗಿದ್ದ. ಗಿರಣಿ ಮುಚ್ಚಿತು. ಆಮೇಲೆ ಅಲ್ಲಿ ಇಲ್ಲಿ ಲೆಕ್ಕ ಬರೆದ, ಅದು ಮನೆಗೆ ಸಾಲಲಿಲ್ಲ. ಮಾವ ಕಚೇರಿಯಲ್ಲಿ ದುಡಿದವರು, ಮೈದುನ ಸಾಲಿಯ ಮಾಸ್ತರ. ಆ ಮನೆಯ ಹೆಣ್ಣುಮಕ್ಕಳು ಅದುವರೆಗೆ ಯಾರ ಅಂಗಡಿಯಲ್ಲೂ ನಿಂತವರಲ್ಲ. ಗೋಪಿಕಾ ಸೊಲ್ಲಾಪುರದ ನವೀ ಪೇಠೆಯ ಸೀರೆ ಅಂಗಡಿಗೆ ಸೇರಿದಾಗ, ಅವಳು ಅಲ್ಲಿ ಸೂಪರ್‌ವೈಜರ್ ಎಂದು ಅಮೃತಪ್ಪ ಬೀಗರಿಗೆಲ್ಲ ಹೇಳಿದ. ಅವಳು ಅದನ್ನು ಸುಳ್ಳೆನ್ನಲಿಲ್ಲ. ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸಿ, ಸಂಜೆ ಮತ್ತೆ ಅವನ್ನೇ ಮಡಿಚಿಟ್ಟು ಬರುತ್ತಿದ್ದಳು.

ಅಂಗಡಿ ಶಾಂತಲಿಂಗಪ್ಪನವರದು. ಅವರ ತಂದೆ ಕಟ್ಟಿದ ದುಕಾನು. ಒಂದು ಕಡೆ ಬಿಳಿ ಗಾದಿ, ಗಾದಿಯ ಹಿಂದೆ ಕಪಾಟುಗಳು, ಬಾಗಿಲ ಎದುರಿಗೆ ಮಾಲೀಕರ ಕುರ್ಚಿ. ಹೆಣ್ಣುಮಕ್ಕಳ ಕೆಲಸಕ್ಕೆ ಮೂವರಿದ್ದರು. ಗೋಪಿಕಾ, ಹೊಸದಾಗಿ ಮದುವೆಯಾಗಿದ್ದ ಶುಭಾಂಗಿ, ಮತ್ತು ಕಸ ಹೊಡೆದು ಗಾದಿ ಝಾಡಿಸುವ ಸಕ್ಕುಬಾಯಿ. ಅಂಗಡಿಯಲ್ಲಿ ಹೆಂಗಸರಿಗೆ ಪಾಯಖಾನೆ ಇರಲಿಲ್ಲ. ಮಹಡಿಯ ಮೇಲೆ ಮಾಲೀಕರ ಆಫೀಸಿಗೆ ಹತ್ತಿ ಒಂದಿತ್ತು, ಅದಕ್ಕೆ ಬೀಗ. ಹಿಂದಿನ ಓಣಿಯಲ್ಲಿ ಸಾವಿತ್ರಿಬಾಯಿ ಎಂಬ ಮುದುಕಿಯ ಮನೆ ಇತ್ತು. ಮೂವರೂ ಮಧ್ಯೆ ಮಧ್ಯೆ ಅಲ್ಲಿಗೆ ಹೋಗಿ ಬರುತ್ತಿದ್ದರು. ಮುದುಕಿ ಒಮ್ಮೆಯೂ ಬೇಡ ಎಂದವಳಲ್ಲ.

ಶಾಂತಲಿಂಗಪ್ಪನವರ ಮಗ ಸಚಿನ ಪುಣೆಯಲ್ಲಿ ಓದಿ ಬಂದಿದ್ದ. ಅವನು ಬಂದ ಮೇಲೆ ಅಂಗಡಿಗೆ ಕಳ್ಳರ ಗಂಟೆ ಬಂತು, ಗಲ್ಲಾದ ಮೇಲೆ ಕ್ಯಾಮೆರಾ ಬಂತು, ಹಿಂದಿನ ಬಾಗಿಲಿಗೆ ಕಬ್ಬಿಣದ ಜಾಳಿಗೆ ಬಂತು. ಹೆಂಗಸರು ಮುಂದಿನ ಬಾಗಿಲಿನಿಂದ ಹೊರಬಿದ್ದು ಹಿಂದಿನ ಓಣಿಗೆ ಸುತ್ತು ಹಾಕಬೇಕಾಯಿತು. ಕೊನೆಗೆ ಮುಂದಿನ ಬಾಗಿಲಿಗೆ ಜನರನ್ನು ಎಣಿಸುವ ಸೆನ್ಸರ್ ಬಂತು.

ಅದನ್ನು ಕೂಡಿಸಲು ಬಂದವನು ಶಿವಾನಂದ, ಸೆಕ್ಯುರಿಟಿ ಸಾಮಾನು ಹಾಕುವ ಕಂಪನಿಯ ಮೆಕ್ಯಾನಿಕ್. ಕುರನೂರಿನವನು, ಕಡಿಮೆ ಮಾತಿನವನು. ಚೌಕಟ್ಟಿನ ಎರಡೂ ಬದಿಗೆ ಸೊಂಟದ ಎತ್ತರಕ್ಕೆ ತೂತು ಕೊರೆದು, ಎದುರು ಬದುರಾಗಿ ಎರಡು ಕರಿಯ ಕಣ್ಣುಗಳನ್ನು ಕೂಡಿಸಿದ. ವಾಯರನ್ನು ಗೋಡೆಯಗುಂಟ ಎಳೆದು ಕಳ್ಳರ ಗಂಟೆಯ ಪೆಟ್ಟಿಗೆಗೆ ಜೋಡಿಸಿದ. ಮಾಲೀಕರ ಕುರ್ಚಿಯ ಪಕ್ಕದಲ್ಲಿ ಕೆಂಪು ಅಂಕಿ ಬೆಳಗುವ ಡಬ್ಬಿ ಇಟ್ಟ. ಕಣ್ಣಿಗೆ ಕಾಣದ ಬೆಳಕಿನ ಗೆರೆಯೊಂದು ಈ ಕಣ್ಣಿನಿಂದ ಆ ಕಣ್ಣಿಗೆ ಹೋಗುತ್ತದೆ, ಅದನ್ನು ಯಾರಾದರೂ ಕಡಿದರೆ ಅಂಕಿ ಒಂದು ಏರುತ್ತದೆ ಎಂದು ತಿಳಿಸಿದ. ಒಳಗೆ ಬಂದದ್ದೂ ಹೊರಗೆ ಹೋದದ್ದೂ ಕೂಡಿ ಬರುವುದರಿಂದ ಸಂಜೆ ಅರ್ಧ ಮಾಡಿಕೊಳ್ಳಬೇಕೆಂದ. ನೋಡುವುದಕ್ಕೆಂದು ಗೋಪಿಕಾಳನ್ನು ನಡೆದಾಡಿಸಿದ. ಅವಳು ನಗುತ್ತ ಹೊರಗೆ ಹೋಗಿ ಒಳಗೆ ಬಂದಳು. ಅಂಕಿ ಏರಿತು. ಎಲ್ಲರೂ ನಕ್ಕರು.

ಒಂದು ವಾರ ಶಾಂತಲಿಂಗಪ್ಪನವರಿಗೆ ಅದನ್ನು ನೋಡುವುದೇ ಸಂತೋಷ. ಆಮೇಲೆ ಸಚಿನ ಸಂಜೆಯ ಅಂಕಿಯನ್ನೂ ಅಂದಿನ ಬಿಲ್ಲುಗಳನ್ನೂ ಹೋಲಿಸತೊಡಗಿದ. ಇಷ್ಟು ಜನ ಬಂದಿದ್ದಾರೆ, ಇಷ್ಟೇ ಜನ ಕೊಂಡಿದ್ದಾರೆ, ಉಳಿದವರನ್ನು ನೀವು ಬರಿಗೈಯಲ್ಲಿ ಯಾಕೆ ಕಳಿಸಿದಿರಿ ಎಂದು ಕೇಳತೊಡಗಿದ. ಮಳಿಗೆಯ ಮುಂದೆ ಆಡುವ ಮಕ್ಕಳು, ಚಿಲ್ಲರೆ ಕೇಳುವವರು, ಚಹಾ ತರುವವನು, ಎಲ್ಲರೂ ಗಿರಾಕಿಗಳೇ ಆದರು. ಒಂದು ದಿನ ಶುಭಾಂಗಿ ಹೊರಗೆ ಹೋಗಿ ಬಂದಾಗ ಸಚಿನನ ಕಣ್ಣು ಡಬ್ಬಿಯ ಮೇಲಿತ್ತು. ಅವನು ಶಿವಾನಂದನನ್ನು ಕರೆಸಿದ. ಕೆಲಸದವರನ್ನು ಬಿಟ್ಟು ಎಣಿಸುವಂತೆ ಮಾಡಲು ಬರುತ್ತದೆಯೇ ಎಂದು ವಿಚಾರಿಸಿದ.

ಶಿವಾನಂದ ಹೇಳಿದ, "ಅದು ಯಾರು ಏನು ಅಂತ ನೋಡಂಗಿಲ್ರಿ. ಅಡ್ಡ ಬಂದ್ರ ಎಣಸ್ತೈತಿ, ಅಷ್ಟ. ಕೆಲಸದಾರು ಹೋದದ್ದು ಬಂದದ್ದು ನೀವ ಕಳಕೋಬೇಕ್ರಿ."

ಅಷ್ಟು ರಗಳೆ ಯಾರಿಗೆ ಬೇಕು ಎಂದ ಸಚಿನ. ಮರುದಿನ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹುಕುಂ ಹೇಳಿದ. ಒಮ್ಮೆ ಒಳಗೆ ಬಂದವರು ಅಂಗಡಿ ಮುಚ್ಚುವ ತನಕ ಹೊಸ್ತಿಲು ದಾಟಬಾರದು. ಡಬ್ಬಿಯ ಊಟ ಒಳಗೇ. ಗಂಡಸರು ಗೋದಾಮಿನಿಂದ ಮಾಲು ತರಲು ಹೋಗುತ್ತಿದ್ದರು, ಅವರಿಗೆ ದಾರಿ ಇತ್ತು. ಹೆಂಗಸರನ್ನು ಗೋದಾಮಿಗೆ ಯಾರೂ ಕಳಿಸುತ್ತಿರಲಿಲ್ಲ.

ಅಂದು ಶಿವಾನಂದ ಮತ್ತೆ ಬಂದು ವಾಯರು ಸರಿಮಾಡಿ ಚೀಲ ಕಟ್ಟುತ್ತಿದ್ದ. ಸಚಿನನ ಮಾತು ಅವನ ಕಿವಿಗೂ ಬಿದ್ದಿತ್ತು. ಹೋಗುವಾಗ ಗೋಪಿಕಾಳ ಹತ್ತಿರ ನಿಂತು ಮೆಲ್ಲಗೆ, "ಅಕ್ಕಾರ, ಇದರಾಗ ಮಿಶನ್ನಿಂದೇನ ತಪ್ಪಿಲ್ರಿ," ಎಂದ.

"ಮಿಶನ್ನಿಗೆ ನಾ ಏನೂ ಅಂದಿಲ್ಲಪಾ," ಎಂದಳು ಗೋಪಿಕಾ.

ಅಂದಿನಿಂದ ನೀರು ಬಿಟ್ಟದ್ದು. ಮೊದಲ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲಾಗುತ್ತಿತ್ತು. ನಗುತ್ತ ಸೆರಗು ಹರವಿ ಬಣ್ಣ ಹೇಳುತ್ತಿದ್ದಳು, ಒಳಗೆ ಹಲ್ಲು ಕಚ್ಚಿರುತ್ತಿದ್ದಳು. ಸಂಜೆ ಸಾವಿತ್ರಿಬಾಯಿಯ ಮನೆಗೆ ಓಡಿದರೆ ಹನಿ ಹನಿಯಾಗಿ ಉರಿಯುತ್ತಿತ್ತು. ಜ್ವರ ಬರತೊಡಗಿತು. ಅಕ್ಕಲಕೋಟೆಯ ಡಾಕ್ಟರು ಗುಳಿಗೆ ಕೊಟ್ಟು, ನೀರು ಚೆನ್ನಾಗಿ ಕುಡಿಯಿರಿ, ತಡೆದುಕೊಳ್ಳಬೇಡಿ ಎಂದರು. ಅವಳು ಹೂಂ ಎಂದು ಎದ್ದು ಬಂದಳು. ಅಮೃತಪ್ಪ ಏನಂದರು ಎಂದು ಕೇಳಿದ. ಬಿಸಿಲಿಗೆ ಅಂದರು ಎಂದಳು. ಹದಿನಾರು ವರ್ಷ ಸಂಸಾರ ಮಾಡಿದ ಗಂಡನ ಮುಂದೆಯೂ ಅವಳು ಆ ಮಾತನ್ನು ಬಾಯಿಬಿಟ್ಟು ಆಡಿದವಳಲ್ಲ. ಹಿತ್ತಲಿಗೆ ಹೋಗಿ ಬರ್ತೀನಿ ಎನ್ನುವುದೇ ರೂಢಿ.

ಲಗ್ನದ ಸೀಜನ್ ಬಂತು. ಒಂದು ಮಧ್ಯಾಹ್ನ ವಾಗದರಿಯಿಂದ ಮದುಮಗಳ ಕಡೆಯವರು ಬಂದು ಗಾದಿ ತುಂಬ ಕುಳಿತರು. ಗೋಪಿಕಾ ಬೆಳಗಿನಿಂದ ತಡೆದಿದ್ದಳು. ಸಚಿನನ ಹತ್ತಿರ ಹೋಗಿ ಐದು ಮಿನಿಟು ಹೊರಗೆ ಹೋಗಿ ಬರುತ್ತೇನೆ ಎಂದಳು. ಈ ಗಿರಾಕಿ ಮುಗಿಯಲಿ ಎಂದ. ಮುಗಿಯಲಿಲ್ಲ. ಮದುಮಗಳ ತಾಯಿ ಮೇಲಿನ ಸಾಲಿನ ಇಳಕಲ್ ಸೀರೆ ಕೇಳಿದಳು. ಗೋಪಿಕಾ ಸ್ಟೂಲು ಹತ್ತಿ ಎರಡೂ ಕೈ ಮೇಲೆ ಚಾಚಿದಳು. ಆಮೇಲೆ ತಡೆಯುವುದು ಅವಳ ಕೈಯಲ್ಲಿ ಉಳಿಯಲಿಲ್ಲ.

ತೊಡೆಯಗುಂಟ ಬೆಚ್ಚಗೆ ಇಳಿದು ಸ್ಟೂಲಿನಿಂದ ನೆಲಕ್ಕೆ ತೊಟ್ಟಿಕ್ಕಿತು. ಅವಳು ಇಳಿದು, ಸೀರೆಯನ್ನು ಗಾದಿಯ ಮೇಲಿಟ್ಟು, ಅದರ ಹಿಂದೆ ಅಲುಗದೆ ನಿಂತಳು. ಮದುಮಗಳ ತಾಯಿ ಬಣ್ಣ ಬಿಡುತ್ತದೆಯೇ ಎಂದು ಕೇಳಿದಳು. ಇಲ್ಲವೆಂದು ಗೋಪಿಕಾ ಹೇಳಿದಳು. ತನ್ನ ದನಿ ಎಂದಿನ ಹಾಗೇ ಇದ್ದುದು ಅವಳಿಗೇ ಆಶ್ಚರ್ಯ.

ಸಕ್ಕುಬಾಯಿ ನೋಡಿದ್ದಳು. ಬಕೆಟ್ಟು ಅರಿವೆ ತಂದು, ಕುಡಿಯುವ ನೀರಿನ ಕೊಡ ಉರುಳಿತೆಂದು ಎಲ್ಲರಿಗೂ ಕೇಳುವಂತೆ ಗೊಣಗುತ್ತ ನೆಲ ಒರೆಸಿದಳು. ಒರೆಸುತ್ತ ಒರೆಸುತ್ತ ಗೋಪಿಕಾಳ ಪಾದವನ್ನೂ ಒರೆಸಿದಳು.

ಅಂದು ಸಂಜೆ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಗೋಪಿಕಾ ಕೂಡಲಿಲ್ಲ. ಅಕ್ಕಲಕೋಟೆಯ ತನಕ ಸರಳು ಹಿಡಿದು ನಿಂತೇ ಬಂದಳು. ಮನೆಯಲ್ಲಿ ಸೀರೆ ಒಗೆದು ಹಾಕಿ, ಬಚ್ಚಲ ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಕುಳಿತಳು. ಅಳು ಬರಲಿಲ್ಲ. ಅಷ್ಟು ದಣಿದಿದ್ದಳು.

ಮರುದಿನ ಹೋಗಬಾರದೆಂದು ಎಣಿಸಿದ್ದಳು. ಆದರೂ ಹೊತ್ತಿಗೆ ಸರಿಯಾಗಿ ಕಾಲುಗಳು ಸ್ಟ್ಯಾಂಡಿಗೆ ನಡೆದವು. ಅಂಗಡಿ ತೆರೆಯುವ ಮೊದಲು ಮೂವರೂ ಮೆಟ್ಟಿಲ ಮೇಲೆ ಕುಳಿತಿದ್ದಾಗ ಸಕ್ಕುಬಾಯಿ ತನ್ನ ಚೀಲದಿಂದ ಹಳೆಯ ಪಾತಳ ಸೀರೆ ಹರಿದು ಮಾಡಿದ ಒಂದು ಗಟ್ಟಿ ಮಡಿಕೆ ತೆಗೆದು ಗೋಪಿಕಾಳ ಮಡಿಲಲ್ಲಿಟ್ಟಳು.

"ಇದನ್ನ ಒಳಗ ಇಟ್ಕೊರಿ. ನಾ ದಿನಾ ಇಟ್ಕೊಂಡ ಬರ್ತೀನಿ."

ಗೋಪಿಕಾ ಅವಳ ಮುಖ ನೋಡಿದಳು. ಶುಭಾಂಗಿ ತಲೆ ಬಗ್ಗಿಸಿದ್ದಳು. ಹಾಗೆಯೇ ಆಕೆ, "ನಾನೂ ಅಕ್ಕಾ," ಎಂದಳು. "ಹ್ವಾದ ತಿಂಗಳಿಂದ. ನನಗ ದಿವಸ ಹೋಗ್ಯಾವ, ಹೊಟ್ಟ್ಯಾಗ ಕೂಸೈತಿ. ತಡಿಯಾಕ ಆಗಂಗಿಲ್ಲ. ನನಗೊಬ್ಬಾಕಿಗೇ ಹಿಂಗ ಅಂತ ಅನ್ಕೊಂಡಿದ್ದೆ."

ಮೂವರೂ ಒಬ್ಬರಿಂದ ಒಬ್ಬರು ಬಚ್ಚಿಟ್ಟಿದ್ದರು. ದಿನವಿಡೀ ಮಾರು ದೂರದಲ್ಲಿ ನಿಂತು, ಒಂದೇ ಡಬ್ಬಿಯಿಂದ ಚಟ್ನಿ ಹಂಚಿಕೊಂಡು ತಿಂದು, ಪ್ರತಿಯೊಬ್ಬಳೂ ಇದು ತನ್ನ ದೇಹದ ತಪ್ಪೆಂದು ತಿಳಿದಿದ್ದಳು. ಗೋಪಿಕಾ ಆ ಮಡಿಕೆಯನ್ನು ಸಕ್ಕುಬಾಯಿಗೆ ಮರಳಿ ಕೊಟ್ಟಳು. ಇಟ್ಟುಕೊಳ್ಳುವುದಿಲ್ಲ, ಇವತ್ತು ಮಾಲೀಕರನ್ನು ಕೇಳುತ್ತೇನೆ ಎಂದಳು. ಹಾಗೆ ಹೇಳುವಾಗಲೂ ಅವಳಿಗೆ ಉತ್ಸಾಹವಿರಲಿಲ್ಲ. ಇನ್ನೊಂದು ದಿನ ಹಾಗೆ ನಿಲ್ಲಲು ಮೈ ಒಪ್ಪುತ್ತಿರಲಿಲ್ಲ, ಅಷ್ಟೇ. ಕೇಳುವಾಗ ನಾವೂ ಜತೆಗೆ ನಿಲ್ಲುತ್ತೇವೆ ಎಂದಳು ಸಕ್ಕುಬಾಯಿ.

ಮಧ್ಯಾಹ್ನ ಅಂಗಡಿ ತುಂಬಿತ್ತು. ಗೋಪಿಕಾ ಕೈಯಲ್ಲಿದ್ದ ಸೀರೆಯನ್ನು ಮಡಿಚಿಟ್ಟು ಶಾಂತಲಿಂಗಪ್ಪನವರ ಕುರ್ಚಿಯ ಮುಂದೆ ಹೋಗಿ ನಿಂತಳು. ಅವಳ ಹಿಂದೆ ಶುಭಾಂಗಿ, ಶುಭಾಂಗಿಯ ಪಕ್ಕದಲ್ಲಿ ಕಸಬರಿಗೆ ಹಿಡಿದ ಸಕ್ಕುಬಾಯಿ.

"ಮಾಲಕ್ರ, ಮ್ಯಾಲಿನ ಪಾಯಖಾನಿ ಕೀಲಿ ಕೊಡ್ರಿ. ನಮಗ ಒಂದಕ್ಕ ಹೋಗೂದೈತಿ."

ಶಾಂತಲಿಂಗಪ್ಪನವರು ಕೆಟ್ಟವರೆಂದು ಪೇಠೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆ ಕೆಲಸದವರಿಗೆಲ್ಲ ಪೇಡೆ ಹಂಚುತ್ತಿದ್ದರು. ಅವರ ಮುಖ ಕೆಂಪಾಯಿತು. ಹೆಣ್ಣುಮಕ್ಕಳು ಗಿರಾಕಿಗಳ ಮುಂದೆ ಇಂಥ ಮಾತು ಆಡುವುದೇ, ಸಂಜೆಗೆ ಕೂತು ಮಾತಾಡೋಣ ಎಂದರು.

"ಸಂಜಿತನಕ ತಡಿಯಾಕ ಆಗಂಗಿಲ್ರಿ. ನಿನ್ನೆ ನಾ ಇಲ್ಲೇ ನಿಂತಲ್ಲೇ ಮಾಡ್ಕೊಂಡೇನಿ. ಕೊಡ ಉರುಳಿದ್ದಿಲ್ಲ."

ಹೇಳಿದ ಮೇಲೆ ನೆಲ ಬಿರಿಯಲಿಲ್ಲ. ಸಚಿನ ಎದ್ದು ಬಂದು, ಮೂವರಿಗೂ ಒಳಗೆ ಹೋಗಿ ಎಂದು ಕೈ ತೋರಿಸಿದ. ಯಾರೂ ಕದಲಲಿಲ್ಲ. ಗಾದಿಯ ಮೇಲೆ ಸೀರೆ ಆರಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ಸೀರೆಯನ್ನು ಕೆಳಗಿಟ್ಟು, ಕೀಲಿ ಕೊಡಿ, ಆಮೇಲೆ ವ್ಯಾಪಾರ ಎಂದು ಮರಾಠಿಯಲ್ಲಿ ಹೇಳಿದಳು. ಉಳಿದ ಹೆಂಗಸರೂ ಕೈಯಲ್ಲಿದ್ದುದನ್ನು ಬಿಟ್ಟು ಮಾಲೀಕರನ್ನೇ ನೋಡತೊಡಗಿದರು. ಶಾಂತಲಿಂಗಪ್ಪನವರು ಯಾರ ಕಡೆಯೂ ನೋಡದೆ ಗಲ್ಲಾದಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

ಶುಭಾಂಗಿಯನ್ನು ಮೊದಲು ಕಳಿಸಿದರು. ಆಮೇಲೆ ಸಕ್ಕುಬಾಯಿ. ಕೊನೆಗೆ ಗೋಪಿಕಾ. ಒಳಗೆ ಗುಲಾಬಿ ಬಣ್ಣದ ಟೈಲು, ಒಣಗಿದ ಸಾಬೂನು, ಯಾರೂ ಬಳಸದ ಟಾವೆಲು. ವರ್ಷದಲ್ಲಿ ನಾಲ್ಕು ಸಲವೂ ತೆರೆಯದ ಕೋಣೆ ಅದು.

ಅಂಗಡಿ ಮುಚ್ಚುವಾಗ ಸಚಿನ ಗೋಪಿಕಾಳನ್ನು ಕರೆದು, "ನಾಳಿಂದ ನೀವು ಬರೂದು ಬ್ಯಾಡ್ರಿ. ಅಪ್ಪಾರ ಮಾನ ಕಳದ್ರಿ," ಎಂದ. ಅವಳು ಊಟದ ಡಬ್ಬಿ ಎತ್ತಿಕೊಂಡಳು. ಸಕ್ಕುಬಾಯಿ ಮೆಟ್ಟಿಲ ತನಕ ಬಂದು ಕೀಲಿ ತನ್ನ ಸೊಂಟದಲ್ಲಿದೆ, ಯಾರು ಕೇಳಿದರೂ ತಿರುಗಿ ಕೊಡುವುದಿಲ್ಲ ಎಂದು ಹೇಳಿದಳು. ಶುಭಾಂಗಿ ಅಳುತ್ತಿದ್ದಳು. ಗೋಪಿಕಾ ಅವಳ ಬೆನ್ನು ಸವರಿ, ನೀರು ಕುಡಿ ಎಂದಳು.

ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಅಕ್ಕಲಕೋಟೆಯ ಬಸ್ಸು ಬಂದಿರಲಿಲ್ಲ. ನಾಳೆ ಏನು ಎಂದು ಅಮೃತಪ್ಪನಿಗೆ ಹೇಳಬೇಕು. ಅವನು ಬೀಗರಿಗೆ ಏನು ಹೇಳಬೇಕು. ಅವಳು ಕಟ್ಟೆಯ ಮೇಲೆ ಕುಳಿತು ಅದನ್ನೇ ಯೋಚಿಸುತ್ತಿದ್ದಳು. ಗುರುತಿಲ್ಲದ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕುಳಿತಳು. ಅದೇ ಪೇಠೆಯ ಪಾತ್ರೆ ಭಾಂಡೆಯ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ ಎಂದಳು. ಮಧ್ಯಾಹ್ನದ ಸುದ್ದಿ ಅಲ್ಲಿಯ ತನಕ ಬಂದಿತ್ತು. ತಾವು ಐದು ಮಂದಿ ಇದ್ದೇವೆ, ಅಲ್ಲಿಯೂ ಹೀಗೇ ಎಂದಳು. ಆಮೇಲೆ ಕೇಳಿದಳು:

"ಅಕ್ಕಾರ, ಸಿಟ್ಟೀಲೆ ಕೇಳಿದ್ರೇನ್ರಿ?"

"ಇಲ್ರಿ," ಎಂದಳು ಗೋಪಿಕಾ. "ಸಾವಕಾಶ ಕೇಳಿದೆ. ಆದ್ರ ಎಲ್ಲಾರ ಮುಂದ ಕೇಳಿದೆ."