ಮಂಟಯ್ಯನವರ ಕೈಯಲ್ಲಿ ಪ್ರಭುಸ್ವಾಮಿಯವರ ವಾಚು

ಕುಂಬಾರಕೊಪ್ಪಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯವರು ಸೀನುತ್ತಾರೆ. ಆದರೂ ಮನೆಯ ಗುಟ್ಟು ಹೊರಗೆ ಹೋಯಿತೆಂದರೆ ಎಲ್ಲರೂ ಬೈಯುವುದು ಹೆಂಗಸರನ್ನೇ. ನೀಲಮ್ಮನಿಗೂ ಹಾಗೇ ಆಯಿತು.

ನೀಲಮ್ಮನ ಮಗಳು ಅಕ್ಷತಾಗೆ ಒಂದು ಒಳ್ಳೆಯ ಸಂಬಂಧ ಕೂಡಿಬರುವ ಹಾಗಿತ್ತು. ಗುರುವಾರ ಹೆಣ್ಣು ನೋಡಲು ಬರುತ್ತೇವೆ ಎಂದು ಗಂಡಿನ ಕಡೆಯವರು ನೀಲಮ್ಮನ ಯಜಮಾನರಾದ ಪ್ರಭುಸ್ವಾಮಿಯವರ ಫೋನಿಗೆ ಮೆಸೇಜು ಹಾಕಿದ್ದರು. ಹಿಂದೆ ಒಂದು ಸಂಬಂಧ ಯಾರದೋ ಚಾಡಿಮಾತಿನಿಂದ ಮುರಿದುಬಿದ್ದಿತ್ತು. ಅದಕ್ಕೇ ಈ ಸಲ ಯಾರ ಮುಂದೂ ಬಾಯಿ ಬಿಡಬೇಡ ಎಂದು ಅವರು ಹೆಂಡತಿಗೆ ಹೇಳಿದ್ದರು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಮಂಟಯ್ಯ ಕಾಂಪೌಂಡಿನ ಆಚೆಯಿಂದ ಮಾತಾಡಿಸಿದರು.

"ಏನ್ ಪ್ರಭುಸ್ವಾಮಿಯೋರೇ, ಗುರುವಾರ ಎಣ್ ನೋಡಕ್ಕೆ ಬತ್ತಾರಂತೆ. ಒಳ್ಳೇದಾಗ್ಲಿ ಬುಡಿ."

ಪ್ರಭುಸ್ವಾಮಿ ನಕ್ಕಂತೆ ಮಾಡಿ ಒಳಗೆ ಬಂದರು. ಮುಖ ಕೆಂಪಾಗಿತ್ತು.

"ನಿನ್ನ ಬಾಯಲ್ಲಿ ಒಂದು ಮಾತು ನಿಲ್ಲಲ್ವಾ ನೀಲಾ? ಸ್ತ್ರೀಶಕ್ತಿ ಸಂಘಕ್ಕೆ ಹೋಗೋದು ಇದನ್ನೆಲ್ಲ ಸಾರೋಕಾ?"

"ನಾನ್ ಯಾರ್ಗೂ ಹೇಳಿಲ್ಲ ಕಣ್ರೀ."

"ಹಂಗಾದ್ರೆ ಮಂಟಯ್ಯನಿಗೆ ಕನಸು ಬಿತ್ತಾ?"

ಅಲ್ಲಿಂದ ಮೂರು ದಿನ ಮಾತಿಲ್ಲ, ಕತೆಯಿಲ್ಲ. ಪ್ರಭುಸ್ವಾಮಿ ಲಷ್ಕರ್ ಮೊಹಲ್ಲಾದ ತಮ್ಮ ದಿನಸಿ ಅಂಗಡಿಗೆ ಹೋಗುವುದು, ಬಂದು ಉಂಡು ಏಳುವುದು, ಅಷ್ಟೇ. ಮಾಡದ ತಪ್ಪಿಗೆ ಮಾತು ಕೇಳುವ ಸಂಕಟ ಕೇಳಿದವರಿಗೇ ಗೊತ್ತು. ನೀಲಮ್ಮ ಆ ವಾರ ಸ್ತ್ರೀಶಕ್ತಿ ಸಂಘಕ್ಕೂ ಹೋಗಲಿಲ್ಲ.

ಯಾಕೆ ಬರಲಿಲ್ಲ ಎಂದು ಕೇಳಲು ಸಂಘದ ಶಿಲ್ಪಶ್ರೀ ಮನೆಗೇ ಬಂದಳು. ಅವಳು ವಿಜಯನಗರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳು ಬಂದಾಗ ಪ್ರಭುಸ್ವಾಮಿ ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟುತ್ತಿದ್ದರು. ಓಟಿಪಿ ಬಂದ ಸದ್ದಾಯಿತು. ಅವರು ಕನ್ನಡಕ ಹುಡುಕುತ್ತಿರುವಾಗಲೇ ಗೋಡೆಯಾಚೆಯಿಂದ ಮಂಟಯ್ಯನವರ ದನಿ ಬಂತು.

"ಪ್ರಭುಸ್ವಾಮಿಯೋರೇ, ಬರ್ಕೊಳಿ. ನಾಕು, ಏಳು, ಒಂದು, ಒಂದು, ಸೊನ್ನೆ, ಎಂಟು."

ಪ್ರಭುಸ್ವಾಮಿ ಫೋನು ನೋಡಿದರು. ಅದೇ ನಂಬರು.

"ಬರುವಾಗ ನೋಡ್ದೆ, ಅವ್ರ ಕೈಲಿರೋದು ಯಾರ ವಾಚು ಅಂಕಲ್?" ಎಂದಳು ಶಿಲ್ಪಶ್ರೀ.

ವಾಚು ಪ್ರಭುಸ್ವಾಮಿಯವರದೇ. ವಾಕಿಂಗಿಗೆಂದು ಅಕ್ಷತಾ ಕೊಡಿಸಿದ್ದ ಸ್ಮಾರ್ಟ್ ವಾಚು. ಅದರ ಪಟ್ಟಿಯಿಂದ ಕೈ ತುರಿಕೆ ಬಂದು, ಹೋದ ವಾರ ಮಂಟಯ್ಯನವರಿಗೆ ಕೊಟ್ಟುಬಿಟ್ಟಿದ್ದರು. ಕರೆದ ಕೂಡಲೇ ಮಂಟಯ್ಯ ಬಂದರು.

"ನಂಗೆ ಎಜ್ಜೆ ಎಣಿಸಿದ್ರೆ ಸಾಕಾಗಿತ್ತು. ಕೈ ಜುಂ ಅಂದಾಗೆಲ್ಲ ನಿಮ್ ಸಮಾಚಾರ ಬತ್ತಿತ್ತು. ಇವ್ರೇ ಕಳಿಸ್ತಾವ್ರೆ, ನೆರೆಯೋನ ಮ್ಯಾಲೆ ಎಷ್ಟು ವಿಶ್ವಾಸ ಅನ್ಕೊಂಡೆ," ಎಂದರು.

"ಮೈಲಿಗೆ ವಸ್ತು ಕೊಡಬಾರದು ಅಂತ ತೊಳೆದು, ಒರೆಸಿ, ವಿಭೂತಿ ಹಚ್ಚಿ ಕೊಟ್ಟಿದ್ದೀನಮ್ಮ. ಇನ್ನೇನು ಮಾಡ್ಬೇಕಿತ್ತು?" ಎಂದರು ಪ್ರಭುಸ್ವಾಮಿ.

"ಹೊರಗೆ ತೊಳೆದ್ರಿ ಅಂಕಲ್, ಒಳಗೆ ತೊಳೀಲಿಲ್ಲ. ನಿಮ್ಮ ಫೋನಿಗೂ ಅದಕ್ಕೂ ಇನ್ನೂ ಜೋಡಿ ಇದೆ, ಫೋನಿಗೆ ಬಂದ ಮೆಸೇಜೆಲ್ಲ ಅದರಲ್ಲೂ ಕಾಣುತ್ತೆ. ಮಧ್ಯೆ ಇರೋದು ಒಂದೇ ಗೋಡೆ, ಬ್ಲೂಟೂತ್ ಅದನ್ನ ದಾಟಿ ಹೋಗುತ್ತೆ."

"ಬ್ಲೂಟೂತ್ ಆಫ್ ಮಾಡಿದ್ರೆ ಮುಗೀತಲ್ಲ," ಎಂದರು ಪ್ರಭುಸ್ವಾಮಿ.

"ಯಾವತ್ತಾದ್ರೂ ಆನ್ ಮಾಡ್ತೀರಲ್ಲ, ಆಗ ಮತ್ತೆ ಶುರು. ಜೋಡಿ ಬಿಡಿಸಿ, ವಾಚಿನ ಒಳಗಿರೋದೆಲ್ಲ ಅಳಿಸ್ಬೇಕು."

"ಅಳಿಸಿದ್ರೆ ನಾನು ನಡೆದಿದ್ದೆಲ್ಲ ಹೋಗಲ್ವಾ?"

"ಮೊದ್ಲು ಫೋನಿಗೆ ಉಳಿಸ್ಕೊಂಡ್ರೆ ಅದು ನಿಮ್ಮ ಹತ್ರಾನೇ ಇರುತ್ತೆ. ಬನ್ನಿ, ನೀವೇ ಮಾಡಿ, ನಾನು ಹೇಳ್ತೀನಿ."

ಮೊದಲು ವಾಚನ್ನು ಚಾರ್ಜಿಗೆ ಹಾಕಿಸಿದಳು. ನಡಿಗೆಯ ವಿವರವೆಲ್ಲ ಫೋನಿಗೆ ಬಂದಿದೆಯೇ ಎಂದು ನೋಡಿಸಿದಳು. ಆಮೇಲೆ ಫೋನಿನಲ್ಲಿರುವ ವಾಚಿನ ಆ್ಯಪ್ ತೆರೆಸಿ, ಅನ್‌ಪೇರ್ ಎಂಬುದನ್ನು ಒತ್ತಿಸಿ ಜೋಡಿ ಬಿಡಿಸಿದಳು. ಕೆಲವು ಆ್ಯಪ್‌ಗಳಲ್ಲಿ ಅದಕ್ಕೇ ರಿಮೂವ್ ಎಂದಿರುತ್ತದಂತೆ. ಕೊನೆಗೆ ವಾಚಿನ ಸೆಟ್ಟಿಂಗ್ಸಿನಲ್ಲಿ ರೀಸೆಟ್ ಒತ್ತಿಸಿದಳು. ವಾಚು ಒಮ್ಮೆ ಕಪ್ಪಾಗಿ, ಅಂಗಡಿಯಿಂದ ಆಗ ತಂದ ಹಾಗೆ ಭಾಷೆ ಯಾವುದು ಎಂದು ಕೇಳಿತು. ಅದನ್ನು ಮಂಟಯ್ಯನವರ ಫೋನಿಗೇ ಜೋಡಿಸಿಕೊಟ್ಟಳು.

"ಕೆಲವು ವಾಚು ನಮ್ಮ ಇಮೇಲ್ ಖಾತೆಗೇ ಕಟ್ಟಿಹಾಕಿದ ಹಾಗೆ ಇರ್ತವೆ. ಆ ಖಾತೆ ತೆಗೆದುಹಾಕ್ದೆ ಕೊಟ್ರೆ ತಗೊಂಡೋರು ಬಳಸೋಕೇ ಆಗಲ್ಲ, ಪಾಸ್‌ವರ್ಡ್ ಕೇಳುತ್ತೆ," ಎಂದಳು.

ಮಂಟಯ್ಯ, ಶಿಲ್ಪಶ್ರೀ ಇಬ್ಬರೂ ಅಲ್ಲೇ ಇದ್ದರು. ಪ್ರಭುಸ್ವಾಮಿ ಅವರಿಬ್ಬರ ಎದುರಿಗೇ ಹೆಂಡತಿಯ ಕಡೆ ತಿರುಗಿದರು.

"ತಪ್ಪು ನಂದೇ ನೀಲಾ. ನಿನ್ನನ್ನ ಅನ್ನಬಾರದಿತ್ತು."

"ಇಪ್ಪತ್ತೇಳು ವರ್ಷ ಜೊತೇಲಿರೋಳ ಮಾತು ನಂಬಲಿಲ್ಲ ನೀವು," ಎಂದಳು ನೀಲಮ್ಮ. ಕಣ್ಣು ತುಂಬಿತ್ತು. ಆದರೆ ಎದೆಯ ಮೇಲಿನ ಕಲ್ಲು ಇಳಿದಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲರಿಗೂ ಕಾಫಿ ಇಡಲು ಎದ್ದಳು. ಗುರುವಾರ ಗಂಡಿನ ಕಡೆಯವರು ಬಂದು, ಹುಡುಗಿಯನ್ನು ಒಪ್ಪಿ, ಸಂತೋಷವಾಗಿ ಉಂಡು ಹೋದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಳೆಯ ಸ್ಮಾರ್ಟ್ ವಾಚನ್ನು ಯಾರಿಗಾದರೂ ಕೊಡುವಿರಾ, ಮಾರುವಿರಾ? ಮೊದಲು ಫೋನಿನಿಂದ ಜೋಡಿ ಬಿಡಿಸಿ. ವಾಚಿನಿಂದ ನಿಮ್ಮ ಖಾತೆ ತೆಗೆದುಹಾಕಿ. ವಾಚನ್ನು ರೀಸೆಟ್ ಮಾಡಿ. ಆಗಲೇ ಕೊಟ್ಟಾಗಿದ್ದರೆ ತೆಗೆದುಕೊಂಡವರನ್ನು ಇವತ್ತೇ ಕರೆಸಿ ಮಾಡಿ. ಬೇರೆಯವರ ವಾಚು ನಿಮ್ಮ ಕೈಗೆ ಬಂದರೂ ಇದನ್ನೇ ಕೇಳಿ ಮಾಡಿಸಿಕೊಳ್ಳಿ. ಮಾಡಲು ಬಾರದಿದ್ದರೆ ಬಲ್ಲವರನ್ನು ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಹತ್ತು ನಿಮಿಷದ ಈ ಕೆಲಸ ಬಿಟ್ಟದ್ದಕ್ಕೆ ನೀಲಮ್ಮ ಮೂರು ದಿನ ಅತ್ತಳು. ನಿಮ್ಮ ಮನೆಯ ನೀಲಮ್ಮ ಅಳುವುದು ಬೇಡ.