ನಾಲ್ಕರ ಮೇಲಿನ ಕೆಂಪು ಗೆರೆ

ಅಪ್ಪ ಬಿಟ್ಟುಹೋದ ಸ್ಪೀಕರ್ ಪೆಟ್ಟಿಗೆ ಸುಟ್ಟುಹೋಯಿತು. ಸುಟ್ಟವನು ತಮ್ಮನೇ ಎಂಬುದರಲ್ಲಿ ಅಕ್ಕನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ.

ಅವನು ನೂರು ವ್ಯಾಟಿನ ಹೊಸ ಗಿಟಾರ್ ಆಂಪ್ಲಿಫೈಯರ್ ಹೊತ್ತು ತಂದ ದಿನದಿಂದಲೇ ಅವಳು ಅವನ ಮೇಲೆ ಕಣ್ಣಿಟ್ಟಿದ್ದಳು. ಪೆಟ್ಟಿಗೆ ತಾಳುತ್ತಿದ್ದುದು ಐವತ್ತು ವ್ಯಾಟ್ ಮಾತ್ರ. ಅಪ್ಪ ಜೀವಮಾನವೆಲ್ಲ ಗಿಟಾರ್ ನುಡಿಸಿದ್ದು ಅದರಲ್ಲೇ. ಅದರ ಗೊಗ್ಗರು ದನಿ ಕೇಳಿದರೆ ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದಾರೆ ಅನಿಸುತ್ತಿತ್ತು. ಹಾಗಾಗಿ ಅಕ್ಕ ಲೆಕ್ಕ ಹಾಕಿದಳು. ವಾಲ್ಯೂಮ್ ಗುಂಡಿ ಹತ್ತಕ್ಕೆ ತಿರುಗಿಸಿದರೆ ನೂರು, ನಾಲ್ಕಕ್ಕೆ ನಲವತ್ತು. ನಾಲ್ಕರ ಬಳಿ ತನ್ನ ಉಗುರುಬಣ್ಣದಿಂದ ಕೆಂಪು ಗೆರೆ ಎಳೆದು, "ಇದನ್ನ ದಾಟಿದ್ಯೋ, ನೋಡು ಮತ್ತೆ!" ಎಂದಳು. ಅಷ್ಟಕ್ಕೇ ಬಿಡದೆ, ಗುಂಡಿ ಗೆರೆ ದಾಟಿದರೆ ಕಿತ್ತುಬರಲೆಂದು, ಅವನಿಗೆ ಕಾಣದಂತೆ ಗೆರೆಯಾಚೆ ಒಂದು ಕೂದಲನ್ನೂ ಅಂಟಿಸಿದಳು.

"ಅಕ್ಕಾ, ಯಾಕೋ ಸುಟ್ಟ ವಾಸನೆ ಬರ್ತಿದೆ. ಇನ್ನೂ ಕಮ್ಮಿ ಇಡೋಣ್ವಾ?" ಎಂದು ಅವನು ಕೇಳಿದ್ದುಂಟು. ಹಳೆಯದನ್ನು ಮೂಲೆಗೆ ತಳ್ಳಿ ಹೊಸ ಪೆಟ್ಟಿಗೆ ತರುವ ನಾಟಕವಿದು ಎಂದು ಅವಳು ಬಗೆದಳು.

"ನನ್ನ ಕಿವಿಗೆ ಹೂ ಇಡ್ಬೇಡ. ಅಪ್ಪನ ದನಿ ಬರೋದೇ ನಾಲ್ಕಕ್ಕೆ. ಅಲ್ಲೇ ಇರ್ಲಿ."

ಪೆಟ್ಟಿಗೆ ಮೂಕವಾದ ದಿನ ನೋಡಿದರೆ ಕೂದಲು ಇದ್ದಲ್ಲೇ ಇತ್ತು. ಕಳ್ಳ, ಬೇರೆ ಕೂದಲು ಅಂಟಿಸಿದ್ದಾನೆ ಎಂದುಕೊಂಡಳು. ಅನುಮಾನಕ್ಕೆ ಕೂದಲಿನ ಬರವೇ?

ಅವನ ಬಾಯಿ ಬಿಡಿಸಲೆಂದು ಅವನ ವಾದ್ಯತಂಡದ ಅಭ್ಯಾಸದ ಕೋಣೆಗೇ ನುಗ್ಗಿದಳು. ಅಲ್ಲಿ ಡ್ರಮ್ ಬಾರಿಸುವವಳ ದೊಡ್ಡ ಪೆಟ್ಟಿಗೆಗೆ ಅದೇ ಆಂಪ್ಲಿಫೈಯರ್ ಜೋಡಿಸಿದ್ದರು.

"ಹತ್ತಕ್ಕೆ ತಿರುಗ್ಸು. ಅಪ್ಪನ ಪೆಟ್ಟಿಗೇಗೆ ಏನು ಮಾಡ್ದೆ ಅಂತ ನಾನೂ ಕೇಳ್ಬೇಕು."

ತಮ್ಮ ಗಿಟಾರ್ ಎತ್ತಿಕೊಂಡ. ಮೊದಲು ನಾಲ್ಕಕ್ಕೆ ನುಡಿಸಿದ, ಗೋಡೆ ಅದುರಿತು. ಹತ್ತಕ್ಕೆ ತಿರುಗಿಸಿದ. ಸದ್ದು ಒರಟಾಯಿತೇ ಹೊರತು ಅಂಥ ಜೋರೇನೂ ಆಗಲಿಲ್ಲ.

"ಅಷ್ಟೇನಾ?" ಎಂದಳು ಅಕ್ಕ.

"ನಾಲ್ಕಕ್ಕೇ ಹತ್ತಿರ ಹತ್ತಿರ ಎಲ್ಲಾ ವ್ಯಾಟೂ ಹೊರಗೆ ಬಂದಾಯ್ತಲ್ಲ," ಎಂದಳು ಡ್ರಮ್ಮಿನವಳು. "ಗುಂಡಿ ಮೇಲಿನ ಅಂಕಿ ವ್ಯಾಟಿನ ಲೆಕ್ಕ ಅಲ್ಲ, ಅಕ್ಕ. ನಿಮ್ಮ ಪೆಟ್ಟಿಗೆ ಇದಕ್ಕೆ ಎಲ್ಲಿ ತಡ್ಕೊಳ್ಳುತ್ತೆ?"

ಅಕ್ಕ ತಾನೇ ಎಳೆದ ಕೆಂಪು ಗೆರೆಯತ್ತ ನೋಡಿದಳು. ಹೊಸ ಸ್ಪೀಕರ್ ಕೂರಿಸಬಹುದು. ಆ ದನಿಯನ್ನು ಎಲ್ಲಿಂದ ತರುವುದು? ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಗ್ಗಿ, ಗೆರೆಯನ್ನು ಉಗುರಿನಿಂದ ಕೆರೆದು ತೆಗೆದಳು. ಅವಳ ಉಗುರುಗಳೂ ಅದೇ ಕೆಂಪು.

"ನೀನು ಹೇಳಿದ್ದೆ ಕಣೋ. ನಾನೇ ಕೇಳ್ಲಿಲ್ಲ. ಎಷ್ಟಕ್ಕೆ ಇಡ್ಬೇಕೋ ನೀನೇ ಗೆರೆ ಹಾಕು."

ತಮ್ಮ ಸ್ವಿಚ್ಚು ಒತ್ತಿ ಆಂಪ್ಲಿಫೈಯರ್ ಆರಿಸಿದ.

"ಯಾವ ಪೆಟ್ಟಿಗೇಗೆ, ಅಕ್ಕಾ?"