ಹೆಸರು ಬರೆಯದ ಹಲಗೆ

ಅರ್ಜಿಯ 'ನೆರವಾದವರು' ಎಂಬಲ್ಲಿ, ಮೂರನೆಯ ಖಾನೆಯ ಮುಂದೆ ಪೆನ್ನು ನಿಂತುಬಿಟ್ಟಿತ್ತು.

ಮೊದಲೆರಡರಲ್ಲಿ ಪ್ರೇಮಲೀಲಾ, ಏಕಾಂತಯ್ಯ ಎಂದು ಬರೆದು ಸಹಿ ಹಾಕಿಸುವಾಗ ಪ್ರಸನ್ನನ ಎದೆ ತುಂಬಿ ಬಂದಿತ್ತು. ಈ ಸಹೋದ್ಯೋಗಿಗಳಿಲ್ಲದಿದ್ದರೆ ಕುಡಿಯುವ ನೀರಿನ ಫ್ಲೋರೈಡನ್ನು ಬಣ್ಣ ಬದಲಿಸಿ ತೋರಿಸುವ ಅವನ ಕಾಗದದ ಪಟ್ಟಿ ಎಲ್ಲಿತ್ತು? ವಿಶ್ವವಿದ್ಯಾಲಯದ ಬಹುಮಾನದ ಅರ್ಜಿ ಐದು ಗಂಟೆಯೊಳಗೆ ಕಚೇರಿ ಸೇರಬೇಕು. ಸಹಿಯಿಲ್ಲದ ಹೆಸರು ಲೆಕ್ಕಕ್ಕಿಲ್ಲ, ಇವತ್ತು ಬಿಟ್ಟ ಹೆಸರು ಬಿಟ್ಟ ಹಾಗೆಯೇ.

ಅಧ್ಯಾಪಕರ ಕೋಣೆಯ ಕರಿಹಲಗೆ ಅವನೇ ಹಾಕಿಸಿದ್ದು. ಯಾರಿಗೆ ಏನು ತೊಡಕೋ ಬರೆಯಬೇಕು, ಬಲ್ಲವರು ಕೆಳಗೆ ಬರೆಯಬೇಕು, ಹೆಸರು ಹಾಕಕೂಡದು. ಹಿರಿಯರು ಕಿರಿಯರು ಎಂಬ ಸಂಕೋಚ ಹೋಗಲಿ ಎಂದು. ಊಟದ ಡಬ್ಬಿಗಳಂತೆ ತಿಳಿವಳಿಕೆಯೂ ಕೈಯಿಂದ ಕೈಗೆ ದಾಟುತ್ತಿತ್ತು.

'ಪಟ್ಟಿಯ ಬಣ್ಣ ಎರಡೇ ದಿನಕ್ಕೆ ಹಾರುತ್ತದೆ, ಏಕೆ?' ಎಂದು ಹೋದ ವರ್ಷ ಅವನು ಬರೆದಿದ್ದ. ಮರುದಿನ ಕೆಳಗೆ, ಬಾಗಿದ ಅಕ್ಷರದಲ್ಲಿ: 'ಬಿಸಿಲಿಗೆ ಹಾಕಬೇಡಿ. ನೆರಳಲ್ಲಿ ಒಣಗಿಸಿ.' ಅಷ್ಟೂ ದಿನದ ಪೇಚಾಟ ಒಂದು ಸಾಲಿಗೆ ಮುಗಿದಿತ್ತು. ಆ ಸಾಲನ್ನು ಇನ್ನೂ ಅಳಿಸಿರಲಿಲ್ಲ. ಮೂರನೆಯ ಖಾನೆ ಅದನ್ನು ಬರೆದವರದು.

"ಇದನ್ನ ಬರೆದಿದ್ದು ನೀವಾ ಮೇಡಂ?" ಪ್ರಸನ್ನ ಆ ಸಾಲು ತೋರಿಸಿ ಕೇಳಿದ.

"ನಾನಲ್ಲ ಕಣ್ರೀ. ಆ ಗೆಸ್ಟ್ ಲೆಕ್ಚರರ್ ಕಮಲ ಬರೆದಿದ್ದು," ಎಂದರು ಪ್ರೇಮಲೀಲಾ.

"ಕಮಲ ಅಂದ್ರೆ... ಪೂರ್ತಿ ಹೆಸರು?"

"ಎರಡು ವರ್ಷ ನಿಮ್ಮ ಪಕ್ಕದ ಕುರ್ಚೀಲೇ ಕೂತಿದ್ರಲ್ರೀ!"

ಏಕಾಂತಯ್ಯ ನಕ್ಕರು. "ಅವರ ಹುಚ್ಚೆಳ್ಳು ಚಟ್ನಿಪುಡಿ ಖಾಲಿ ಮಾಡ್ತಿದ್ದೋರು ನೀವು. ಹೆಸರು ಮಾತ್ರ ನಮ್ಮನ್ನ ಕೇಳಿ ಸ್ವಾಮಿ! ಪಾಪ, ನಾಲ್ಕೂವರೆ ಆದ್ರೆ ಹೆಬ್ಬಾಳದ ಬಸ್ಸಿಗೆ ಓಡೋರು. ಈ ವರ್ಷ ಅವರನ್ನ ಪಾಠಕ್ಕೆ ಕರೀಲೇ ಇಲ್ಲ."

"ಫೋನ್ ನಂಬರು?"

ಇಬ್ಬರೂ ತಮ್ಮ ತಮ್ಮ ಫೋನು ತಡಕಿದರು. ಇರಲಿಲ್ಲ. ಕಚೇರಿಯವರು ಕೊಟ್ಟ ಹಳೆಯ ನಂಬರು ಚಾಲ್ತಿಯಲ್ಲಿರಲಿಲ್ಲ.

ಪ್ರಸನ್ನನಿಗೆ ಚಟ್ನಿಪುಡಿಯ ಘಮ ನೆನಪಾಯಿತು, ಡಬ್ಬಿ ಚಾಚುವ ಕೈ ನೆನಪಾಯಿತು. ಮುಖ ಮೂಡಲಿಲ್ಲ. ಕೃತಜ್ಞತೆ ಹೇಳೋಣವೆಂದರೆ ಎದುರಿಗೆ ಯಾರೂ ಇಲ್ಲ.

ಅರ್ಜಿ ಹಿಡಿದೇ ಎದ್ದು ಹೋಗಿ, ಆ ಸಾಲಿನ ಕೆಳಗೆ ದೊಡ್ಡದಾಗಿ 'ಕಮಲ' ಎಂದು ಬರೆದ.

"ಹೆಸರು ಬರೀಬಾರ್ದು ಅಂತ ರೂಲು ಮಾಡ್ದೋರೇ ಮುರಿಯೋದಾ? ಚೆನ್ನಾಗಿದೆ!" ಪ್ರೇಮಲೀಲಾ ನಗುತ್ತಲೇ ಬಂದು ಅಂಗೈಯಿಂದ ಒರೆಸಿಬಿಟ್ಟರು.

ಆ ಹೆಸರಿನ ಸೀಮೆಸುಣ್ಣದ ಪುಡಿ ಉದುರಿ ಅರ್ಜಿಯ ಮೂರನೆಯ ಖಾನೆಯ ಮೇಲೆ ಕೂತಿತು.

ಐದಕ್ಕೆ ಹತ್ತು ನಿಮಿಷ. ಊದಿಬಿಡಲು ಹಾಳೆಯನ್ನು ತುಟಿಯ ಹತ್ತಿರ ತಂದ ಪ್ರಸನ್ನ, ಉಸಿರು ಬಿಗಿಹಿಡಿದು ಹಾಗೇ ನಿಂತ.